ಕಪ್ಪು ಪುಡಿಯ ಲೆಕ್ಕ: ಬ್ಯಾಟರಿ ಮರುಬಳಕೆ ಷೇರು ಕೊಂಡವರ ಪ್ರಶ್ನೆಗಳು

ಹಳೆಯ ಬ್ಯಾಟರಿಯಿಂದ ಲೋಹ ತೆಗೆಯುವ ಕಂಪನಿಗಳ ಷೇರು ಕೊಂಡವರ ಪತ್ರಗಳು ಈ ಬಾರಿ ಹೆಚ್ಚು ಬಂದಿವೆ. ಕೆನಡಾದ ಲಿ-ಸೈಕಲ್ ಕಂಪನಿಯಲ್ಲಿ ಹಣ ಹಾಕಿದವರದ್ದೇ ಅರ್ಧಕ್ಕಿಂತ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2021ರ ಆಗಸ್ಟ್‌ನಲ್ಲಿ ಲಿ-ಸೈಕಲ್‌ನ 400 ಷೇರುಗಳನ್ನು ತಲಾ 10 ಡಾಲರಿನಂತೆ ಕೊಂಡಿದ್ದೆ. ಈಗ ಆ್ಯಪ್‌ನಲ್ಲಿ 50 ಷೇರು ಎಂದಷ್ಟೇ ಕಾಣುತ್ತದೆ, ಬೆಲೆಯ ಜಾಗ ಖಾಲಿ. ಉಳಿದ 350 ಎಲ್ಲಿ ಹೋದವು? ಕಂಪನಿಯನ್ನು ಗ್ಲೆನ್‌ಕೋರ್ ಎಂಬ ಗಣಿ ಕಂಪನಿ ಕೊಂಡಿತಂತೆ. ಹಾಗಾದರೆ ನಮಗೆ ಗ್ಲೆನ್‌ಕೋರ್ ಷೇರು ಸಿಗಬೇಕಲ್ಲವೇ?
– ಮೈಸೂರು

ಉತ್ತರ: ಸಿಗುವುದಿಲ್ಲ. ಗ್ಲೆನ್‌ಕೋರ್ ನಿಮ್ಮಿಂದ ಷೇರು ಕೊಳ್ಳಲಿಲ್ಲ, ಕೋರ್ಟಿನ ಮೇಲ್ವಿಚಾರಣೆಯಲ್ಲಿ ಕಂಪನಿಯ ವ್ಯವಹಾರವನ್ನು ಕೊಂಡಿತು. ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಮೊದಲಿನಿಂದ ನೋಡಬೇಕು.

350 ಷೇರು ಕಳುವಾಗಿಲ್ಲ. 2024ರ ಜೂನ್‌ನಲ್ಲಿ ಕಂಪನಿ 8 ಷೇರುಗಳನ್ನು ಸೇರಿಸಿ 1 ಮಾಡಿತು. ನ್ಯೂಯಾರ್ಕ್ ಷೇರುಪೇಟೆಯಲ್ಲಿ 30 ವಹಿವಾಟು ದಿನಗಳ ಸರಾಸರಿ ಬೆಲೆ 1 ಡಾಲರಿಗಿಂತ ಕೆಳಗಿಳಿದರೆ ಪಟ್ಟಿಯಿಂದ ತೆಗೆಯಬಹುದು ಎಂಬ ನೋಟಿಸ್ ಬರುತ್ತದೆ. ಅದರಿಂದ ಪಾರಾಗಲು ಕಂಪನಿಗಳು ಹಿಡಿಯುವ ದಾರಿ ಇದು. ನಿಮ್ಮ 400 ಷೇರು 50 ಆದವು, ತಲಾ ಕೊಂಡ ಬೆಲೆ 10ರಿಂದ 80 ಡಾಲರ್ ಆಯಿತು. ನೀವು ಹಾಕಿದ 4,000 ಡಾಲರ್ ಲೆಕ್ಕದಲ್ಲಿ ಹಾಗೆಯೇ ಇದೆ. ಆ್ಯಪ್ ಇನ್ನೂ 10 ಡಾಲರ್ ಎಂದೇ ತೋರಿಸುತ್ತಿದ್ದರೆ ಕೂಡಲೇ ಸರಿ ಮಾಡಿಸಿ. ಮುಂದೆ ತೆರಿಗೆಯಲ್ಲಿ ನಷ್ಟ ತೋರಿಸುವಾಗ 4,000ದ ಬದಲು 500 ಡಾಲರ್ ಮಾತ್ರ ಲೆಕ್ಕಕ್ಕೆ ಬರುವ ಅಪಾಯವಿದೆ.

ಆದರೆ ಷೇರು ಸೇರಿಸಿದ್ದರಿಂದ ಕಾಯಿಲೆ ವಾಸಿಯಾಗಲಿಲ್ಲ. ಈ ಕಂಪನಿ ಸಾಮಾನ್ಯ ಐಪಿಒ ಮೂಲಕ ಬಂದದ್ದಲ್ಲ. ಬರೀ ಹಣ ಇಟ್ಟುಕೊಂಡು ಮೊದಲೇ ಪಟ್ಟಿಯಾಗಿದ್ದ ಪೆರಿಡಾಟ್ ಎಂಬ ಕಂಪನಿಯ ಜತೆ ವಿಲೀನಗೊಂಡು ಪೇಟೆಗೆ ಇಳಿದದ್ದು. ಇಂಥ ವಿಲೀನಗಳಲ್ಲಿ ಮುಂದಿನ ನಾಲ್ಕೈದು ವರ್ಷದ ಆದಾಯದ ಅಂದಾಜನ್ನು ಧಾರಾಳವಾಗಿ ಮುಂದಿಡುವುದು ರೂಢಿಯಾಗಿತ್ತು. 10 ಡಾಲರ್ ಎಂಬುದು ಆ ಅಂದಾಜಿಗೆ ಕಟ್ಟಿದ ಬೆಲೆ, ಆಗ ಓಡುತ್ತಿದ್ದ ಘಟಕಗಳಿಗೆ ಕಟ್ಟಿದ್ದಲ್ಲ.

ಯೋಜನೆ ಎರಡು ಹಂತದ್ದು. ಅಲ್ಲಲ್ಲಿ ಬ್ಯಾಟರಿಯನ್ನು ಪುಡಿ ಮಾಡುವ ಚಿಕ್ಕ ಘಟಕಗಳು, ಆ ಪುಡಿಯನ್ನು ತಂದು ಲೋಹ ಬೇರ್ಪಡಿಸಲು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಒಂದು ದೊಡ್ಡ ಘಟಕ. ದೊಡ್ಡದಕ್ಕೆ 560 ಮಿಲಿಯನ್ ಡಾಲರ್ ಸಾಕು ಎಂದಿದ್ದರು. 2023ರ ಅಕ್ಟೋಬರ್ 23ರಂದು ಕಾಮಗಾರಿ ನಿಲ್ಲಿಸಿದ್ದೇವೆ ಎಂದರು. ಒಂದೇ ದಿನದಲ್ಲಿ ಷೇರು ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಆಮೇಲೆ ಬಂದ ಅಂದಾಜು 850 ಮಿಲಿಯನ್‌ನಿಂದ 1 ಬಿಲಿಯನ್ ಡಾಲರ್. ಅದೇ 2023ರಲ್ಲಿ ಕಂಪನಿಯ ಇಡೀ ವರ್ಷದ ಆದಾಯ ಸುಮಾರು 18 ಮಿಲಿಯನ್ ಡಾಲರ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ವಿವರಣೆಯೇ ಬೇಡ.

ಗ್ಲೆನ್‌ಕೋರ್ 2022ರಲ್ಲಿ 200 ಮಿಲಿಯನ್ ಡಾಲರನ್ನು ಷೇರಾಗಿ ಬದಲಿಸಿಕೊಳ್ಳಬಹುದಾದ ಸಾಲವಾಗಿ ಕೊಟ್ಟಿತ್ತು. 2024ರ ಮಾರ್ಚ್‌ನಲ್ಲಿ ಇನ್ನೂ 75 ಮಿಲಿಯನ್ ಕೊಟ್ಟಿತು, ಈ ಸಲ ಆಸ್ತಿಯನ್ನು ಅಡವಿಟ್ಟುಕೊಂಡು. ಚಿಕ್ಕ ಹೂಡಿಕೆದಾರರು ಅಂದೇ ಎದ್ದು ಕೂರಬೇಕಿತ್ತು. ಕಂಪನಿ ಮುಳುಗಿದರೆ ಮೊದಲು ಅಡವು ಹಿಡಿದವರಿಗೆ, ನಂತರ ಉಳಿದ ಸಾಲ ಕೊಟ್ಟವರಿಗೆ, ಎಲ್ಲರದ್ದೂ ತೀರಿದ ಮೇಲೆ ಏನಾದರೂ ಉಳಿದರೆ ಷೇರುದಾರರಿಗೆ. 2025ರ ಫೆಬ್ರವರಿಯಲ್ಲಿ ಕಂಪನಿಯ ಒಟ್ಟು ಮಾರುಕಟ್ಟೆ ಮೌಲ್ಯ 15 ಮಿಲಿಯನ್ ಡಾಲರಿಗಿಂತ ಕೆಳಗಿಳಿದು ನ್ಯೂಯಾರ್ಕ್ ಪೇಟೆಯ ಪಟ್ಟಿಯಿಂದ ಹೊರಬಿತ್ತು. ಮೇ 14ರಂದು ಕೆನಡಾದ ಕೋರ್ಟಿನಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೇಳಿತು. ಗ್ಲೆನ್‌ಕೋರ್ ಮುಂದಿಟ್ಟ ಆರಂಭಿಕ ಬಿಡ್ಡು 40 ಮಿಲಿಯನ್ ಡಾಲರ್, ಆಗಸ್ಟ್‌ನಲ್ಲಿ ಮಾರಾಟ ಮುಗಿಯಿತು. ಗ್ಲೆನ್‌ಕೋರ್ ಕೊಟ್ಟ ಅಸಲೇ 275 ಮಿಲಿಯನ್ ಇರುವಾಗ ಆ ಮೊತ್ತದಲ್ಲಿ ಷೇರುದಾರರ ಸರದಿ ಬರುವುದು ಸಾಧ್ಯವಿರಲಿಲ್ಲ.

ಪ್ರಶ್ನೆ: ಬ್ಯಾಟರಿಗಳು ಬರುತ್ತಿದ್ದವು, ಯಂತ್ರ ಓಡುತ್ತಿತ್ತು. ಗುಜರಿಯಿಂದ ನಿಕಲ್, ಕೋಬಾಲ್ಟ್ ತೆಗೆದು ಮಾರಿದರೆ ಲಾಭ ಬರಲೇಬೇಕಲ್ಲ? ನಷ್ಟ ಎಲ್ಲಿಂದ ಬಂತು?
– ಹುಬ್ಬಳ್ಳಿ

ಉತ್ತರ: ಕಾರಿನ ಒಂದು ಬ್ಯಾಟರಿಯನ್ನು ಬಿಚ್ಚಿ ನೋಡೋಣ. 60 ಕಿಲೋವ್ಯಾಟ್ ಅವರ್‌ನ, ನಿಕಲ್–ಮ್ಯಾಂಗನೀಸ್–ಕೋಬಾಲ್ಟ್ 6:2:2 ಅನುಪಾತದ ಬ್ಯಾಟರಿಯಲ್ಲಿ ಸುಮಾರು 36 ಕಿಲೋ ನಿಕಲ್, 12 ಕಿಲೋ ಕೋಬಾಲ್ಟ್, 7ರಿಂದ 8 ಕಿಲೋ ಲಿಥಿಯಂ ಇರುತ್ತದೆ. ಪೇಟೆಯಲ್ಲಿ ಲಿಥಿಯಂ ಮಾರಾಟವಾಗುವುದು ಕಾರ್ಬೊನೇಟ್ ರೂಪದಲ್ಲಿ. 1 ಕಿಲೋ ಲಿಥಿಯಂನಿಂದ 5.3 ಕಿಲೋ ಕಾರ್ಬೊನೇಟ್ ಆಗುತ್ತದೆ, ಅಂದರೆ ಈ ಬ್ಯಾಟರಿಯಲ್ಲಿ ಅಂದಾಜು 40 ಕಿಲೋ. 2022ರ ನವೆಂಬರ್‌ನಲ್ಲಿ ಚೀನಾ ಪೇಟೆಯಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ 6 ಲಕ್ಷ ಯುವಾನ್‌ನ ಹತ್ತಿರ ಇತ್ತು. ಆ ಲೆಕ್ಕದಲ್ಲಿ 40 ಕಿಲೋಗೆ 24,000 ಯುವಾನ್. 2024ರ ಕೊನೆಗೆ ಟನ್ನಿಗೆ ಸುಮಾರು 75,000 ಯುವಾನ್. ಅದೇ ಬ್ಯಾಟರಿಯ ಅದೇ 40 ಕಿಲೋಗೆ 3,000. ಕೋಬಾಲ್ಟ್ ಕೂಡ 2022ರ ವಸಂತದಲ್ಲಿ ಟನ್ನಿಗೆ 80,000 ಡಾಲರ್ ದಾಟಿದ್ದು, 2025ರ ಆರಂಭದಲ್ಲಿ 21,000–22,000ದ ಆಸುಪಾಸಿಗೆ ಇಳಿದಿತ್ತು. ಬ್ಯಾಟರಿ ಒಡೆಯುವ ಕೂಲಿ, ಕರೆಂಟು, ಆಸಿಡ್ಡು, ಸಾಗಣೆ, ಬೆಂಕಿ ವಿಮೆ ಯಾವುದೂ ಹಾಗೆ ಇಳಿಯಲಿಲ್ಲ.

ಇಷ್ಟೂ ಲೋಹ ಕೈಗೆ ಸಿಕ್ಕಿದರೆ ಎಂಬ ಲೆಕ್ಕ ಇದು. ಪುಡಿ ಮಾಡುವ ಘಟಕದಿಂದ ಹೊರಬರುವುದು ಮೂರು ಬಗೆಯ ಸರಕು: ಪ್ಲಾಸ್ಟಿಕ್, ತಾಮ್ರ–ಅಲ್ಯೂಮಿನಿಯಂ ಚೂರು, ಮತ್ತು ಬ್ಲ್ಯಾಕ್ ಮಾಸ್ ಎನ್ನುವ ಕಪ್ಪು ಪುಡಿ. ಬೆಲೆಬಾಳುವ ಲೋಹವೆಲ್ಲ ಆ ಪುಡಿಯಲ್ಲಿದೆ, ಜತೆಗೆ ಗ್ರಾಫೈಟೂ ಇದೆ. ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ಕಲ್ಮಶ ತೆಗೆದು, ದ್ರಾವಕಗಳಿಂದ ಕೋಬಾಲ್ಟ್ ಮತ್ತು ನಿಕಲ್‌ಗಳನ್ನು ಒಂದೊಂದಾಗಿ ಬೇರೆ ಮಾಡಿ, ಲಿಥಿಯಂ ಇಳಿಸುವ ಕೆಲಸ ದೊಡ್ಡ ಘಟಕದ್ದು. ಅದಿಲ್ಲದಿದ್ದರೆ ಪುಡಿಯನ್ನೇ ಬೇರೆಯವರಿಗೆ ಮಾರಬೇಕು. ಕೊಳ್ಳುವವರು ಒಳಗಿರುವ ಲೋಹಕ್ಕೆ ಪೂರ್ತಿ ಬೆಲೆ ಕೊಡುವುದಿಲ್ಲ, ಶೇಕಡಾವಾರು ಲೆಕ್ಕದಲ್ಲಿ ಕೊಡುತ್ತಾರೆ. ಪುಡಿಯಲ್ಲಿ ತೇವವಿದ್ದರೆ ಕಡಿತ, ಅಂಟು ಮತ್ತು ವಿದ್ಯುದ್ರಾವಣದಿಂದ ಬರುವ ಫ್ಲೋರಿನ್ ಜಾಸ್ತಿ ಇದ್ದರೆ ಕಡಿತ. ಎಲ್‌ಎಫ್‌ಪಿ (ಲಿಥಿಯಂ–ಕಬ್ಬಿಣ–ಫಾಸ್ಫೇಟ್) ಬ್ಯಾಟರಿಗಳು ಬೆರೆತಿದ್ದರೆ ಇನ್ನೂ ಕಡಿತ, ಯಾಕೆಂದರೆ ಅವುಗಳಲ್ಲಿ ನಿಕಲ್ಲೂ ಇಲ್ಲ, ಕೋಬಾಲ್ಟೂ ಇಲ್ಲ. ರಾಚೆಸ್ಟರ್ ನಿಂತ ಮೇಲೆ ಲಿ-ಸೈಕಲ್‌ಗೆ ಉಳಿದದ್ದು ಪುಡಿ ಮಾರುವ ವ್ಯಾಪಾರ ಮಾತ್ರ. ಲಾಭದ ಭಾಗ ಆ ಕಟ್ಟದ ಕಟ್ಟಡದಲ್ಲಿತ್ತು.

ಲೆಕ್ಕಪತ್ರದಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ. ಪುಡಿ ಸಾಗಿಸಿದ ದಿನದ ಬೆಲೆಯಲ್ಲಿ ಆದಾಯ ಬರೆದುಕೊಳ್ಳುತ್ತಾರೆ. ಅಂತಿಮ ಬೆಲೆ ಗೊತ್ತಾಗುವುದು ತಿಂಗಳುಗಳ ನಂತರ. ನಡುವೆ ಲೋಹದ ಬೆಲೆ ಕುಸಿದರೆ ಹಿಂದೆ ಬರೆದ ಆದಾಯವನ್ನು ಈ ತ್ರೈಮಾಸಿಕದಲ್ಲಿ ಕಳೆಯಬೇಕು. ಟನ್ ಹೆಚ್ಚಿದರೂ ಆದಾಯ ಯಾಕೆ ಕುಗ್ಗಿತು ಎಂದು ಕೇಳಿದ ಹಲವರಿಗೆ ಉತ್ತರ ಇದೇ.

ಪ್ರಶ್ನೆ: ಅಮೆರಿಕ ಸರ್ಕಾರವೇ ಸಾಲ ಮಂಜೂರು ಮಾಡಿತು ಎಂಬ ಸುದ್ದಿ ನಂಬಿ ಸರಾಸರಿ ಬೆಲೆ ಇಳಿಸಲು ಇನ್ನಷ್ಟು ಕೊಂಡು ಆವರೇಜ್ ಮಾಡಿದೆ. ನಾನು ಎಲ್ಲಿ ಎಡವಿದೆ?
– ದಾವಣಗೆರೆ

ಉತ್ತರ: ಸುದ್ದಿ ಸುಳ್ಳಲ್ಲ. 2024ರ ನವೆಂಬರ್‌ನಲ್ಲಿ ಅಮೆರಿಕದ ಇಂಧನ ಇಲಾಖೆ 475 ಮಿಲಿಯನ್ ಡಾಲರ್ ಸಾಲದ ಒಪ್ಪಂದಕ್ಕೆ ಸಹಿ ಹಾಕಿತು. ಆದರೆ ಮೊದಲ ಕಂತು ಪಡೆಯಬೇಕಾದರೆ ಕಂಪನಿ ತನ್ನ ಕೈಯಿಂದ ನಿಗದಿತ ಹಣವನ್ನು ಮೀಸಲು ಖಾತೆಗಳಲ್ಲಿ ಇಡಬೇಕಿತ್ತು. ಆ ಹಣವೇ ಇರಲಿಲ್ಲ. ಮಂಜೂರಾದ ಸಾಲಕ್ಕೂ ಕೈಗೆ ಬಂದ ಸಾಲಕ್ಕೂ ಇರುವ ಅಂತರ ನಮ್ಮಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬರಿಗೂ ಗೊತ್ತು: ತಳಪಾಯಕ್ಕೆ ನಿಮ್ಮ ಹಣ ಹಾಕಿ ತೋರಿಸದೆ ಬ್ಯಾಂಕಿನವರು ಕಂತು ಬಿಡುವುದಿಲ್ಲ.

ಆವರೇಜ್ ಮಾಡುವ ಮೊದಲು ಒಂದು ಭಾಗಾಕಾರ ಮಾಡಿ. ತ್ರೈಮಾಸಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿ ತೆಗೆಯಿರಿ. ಕಾರ್ಯಾಚರಣೆಯಲ್ಲಿ ಹೋದ ನಗದು ಮತ್ತು ಕಟ್ಟಡ–ಯಂತ್ರಕ್ಕೆ ಹೋದ ನಗದು ಕೂಡಿಸಿ. ಕೈಯಲ್ಲಿರುವ ನಗದನ್ನು ಅದರಿಂದ ಭಾಗಿಸಿ. ಉತ್ತರ 4ಕ್ಕಿಂತ ಕಡಿಮೆ ಬಂದರೆ ಒಂದು ವರ್ಷದೊಳಗೆ ಹೊಸ ಷೇರು ಬರುತ್ತದೆ ಅಥವಾ ಹೊಸ ಸಾಲ ಬರುತ್ತದೆ. ಷೇರು ಬಂದರೆ ನಿಮ್ಮ ಪಾಲು ತೆಳುವಾಗುತ್ತದೆ, ಸಾಲ ಬಂದರೆ ಸರದಿಯಲ್ಲಿ ನಿಮಗಿಂತ ಮುಂದೆ ನಿಲ್ಲುವವರು ಹೆಚ್ಚುತ್ತಾರೆ. ಒತ್ತೆ ಇಟ್ಟಿರುವ, ಬಳಸಲಾಗದ ನಗದನ್ನು ಬೇರೆಯಾಗಿ ತೋರಿಸಿರುತ್ತಾರೆ, ಅದನ್ನು ಸೇರಿಸಬೇಡಿ. ಸಾಲದ ಟಿಪ್ಪಣಿಯಲ್ಲಿ ಬಡ್ಡಿಯನ್ನು ನಗದಾಗಿ ಕಟ್ಟುತ್ತಿದ್ದಾರೋ ಅಸಲಿಗೆ ಸೇರಿಸುತ್ತಿದ್ದಾರೋ ನೋಡಿ. ಸೇರಿಸುತ್ತಿದ್ದರೆ, ಷೇರಾಗಿ ಬದಲಾಗುವ ಆ ಸಾಲ ಪ್ರತಿ ಕಂತಿಗೂ ಬೆಳೆಯುತ್ತಿದೆ, ನಿಮ್ಮ ಶೇಕಡಾವಾರು ಪಾಲು ಅಷ್ಟೇ ಕುಗ್ಗುತ್ತಿದೆ ಎಂದರ್ಥ.

ಪ್ರಶ್ನೆ: ಬೆಲೆ ಇಲ್ಲದ ವಿದೇಶಿ ಷೇರಿನ ನಷ್ಟವನ್ನು ಇಲ್ಲಿ ತೆರಿಗೆಯಲ್ಲಿ ತೋರಿಸಬಹುದೇ? ಸೊನ್ನೆ ಆದದ್ದನ್ನು ರಿಟರ್ನ್‌ನಲ್ಲಿ ಬರೆಯಲೇಬೇಕೇ?
– ಬೆಂಗಳೂರು

ಉತ್ತರ: ಎರಡನೆಯದು ಮೊದಲು: ಬರೆಯಲೇಬೇಕು. ಐಟಿಆರ್-1 ನಿಮಗಲ್ಲ. ಸಂಬಳದವರಾದರೆ ಐಟಿಆರ್-2, ವ್ಯಾಪಾರ ಅಥವಾ ವೃತ್ತಿ ಇದ್ದರೆ ಐಟಿಆರ್-3. ಅದರ ವಿದೇಶಿ ಆಸ್ತಿ ಅನುಸೂಚಿಯಲ್ಲಿ, ಎ-3 ಕೋಷ್ಟಕದಲ್ಲಿ, ಕೊಂಡ ಮೌಲ್ಯ, ವರ್ಷದ ಗರಿಷ್ಠ ಮೌಲ್ಯ, ಕೊನೆಯ ಮೌಲ್ಯ ಮೂರನ್ನೂ ತುಂಬಬೇಕು. ಇಲ್ಲಿ ಹೆಚ್ಚಿನವರು ತಪ್ಪುವುದು ಅವಧಿಯಲ್ಲಿ. ಈ ಅನುಸೂಚಿಗೆ ಏಪ್ರಿಲ್–ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ 31. ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ ದಂಡ ಅನ್ವಯಿಸುವುದಿಲ್ಲ. ಬರೆಯಬೇಕಾದ ಹೊಣೆ ಮಾತ್ರ ತಪ್ಪುವುದಿಲ್ಲ.

ನಷ್ಟದ ವಿಷಯ ನಾಜೂಕು. ಬೆಲೆ ಕುಸಿಯಿತು ಎಂಬ ಒಂದೇ ಕಾರಣಕ್ಕೆ ನಮ್ಮ ಕಾನೂನಿನಲ್ಲಿ ಬಂಡವಾಳ ನಷ್ಟವಾಗುವುದಿಲ್ಲ, ಷೇರು ನಿಮ್ಮ ಕೈಬಿಟ್ಟು ಹೋಗಬೇಕು. ಆದ್ದರಿಂದ ಪಟ್ಟಿಯಿಂದ ಹೊರಬಿದ್ದ ಷೇರು ಪೇಟೆಯ ಹೊರಗಿನ ವಹಿವಾಟಿನಲ್ಲಿ ಇನ್ನೂ ಚಲಾವಣೆಯಲ್ಲಿರುವಾಗಲೇ, ಒಂದೆರಡು ಸೆಂಟಿಗಾದರೂ, ಮಾರಿ ಮುಗಿಸುವುದು ಒಳ್ಳೆಯದು. ಹಲವು ಆ್ಯಪ್‌ಗಳಲ್ಲಿ ಇಂಥ ಷೇರಿಗೆ ಮಾರುವ ಗುಂಡಿಯೇ ಕಾಣುವುದಿಲ್ಲ. ಆಗ ಬ್ರೋಕರ್‌ಗೆ ಇಮೇಲ್ ಬರೆದು, ಕೈಯಿಂದ ಆದೇಶ ಹಾಕಿಸಿ, ಶುಲ್ಕ ಎಷ್ಟು ಎಂದು ಮೊದಲೇ ಕೇಳಿ ಲಿಖಿತ ಉತ್ತರ ಪಡೆಯಿರಿ. ಅವಧಿ ಮೀರಿ ಷೇರೇ ರದ್ದಾಗಿದ್ದರೆ ರದ್ದಾದ ದಾಖಲೆ ಹಿಡಿದು ಲೆಕ್ಕಪರಿಶೋಧಕರ ಬಳಿ ಹೋಗಿ. ವಾದಕ್ಕೆ ಜಾಗವಿದೆ, ಆದರೆ ಮಾರಾಟದ ಚೀಟಿಯಷ್ಟು ಗಟ್ಟಿಯಲ್ಲ.

ವಿದೇಶಿ ಷೇರು 24 ತಿಂಗಳು ದಾಟಿದ್ದರೆ ದೀರ್ಘಾವಧಿ. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭಕ್ಕೆ ಮಾತ್ರ ವಜಾ ಮಾಡಬಹುದು. ಭಾರತದ ಷೇರಿನಲ್ಲಿ ಬಂದ ದೀರ್ಘಾವಧಿ ಲಾಭವಾದರೂ ಆದೀತು. ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಡಾಲರನ್ನು ರೂಪಾಯಿಗೆ ಬದಲಿಸಲು, ಮಾರಿದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಖರೀದಿ ದರ (ಬ್ಯಾಂಕು ಡಾಲರ್ ಕೊಳ್ಳುವ ದರ) ಬಳಸಿ.

ಪ್ರಶ್ನೆ: ನಾವು ಕೆನಡಾದಲ್ಲಿದ್ದೇವೆ. ಇದೇ ಕಂಪನಿಯ ಷೇರು ಅರ್ಧ ಟಿಎಫ್‌ಎಸ್‌ಎ ಎಂಬ ತೆರಿಗೆರಹಿತ ಉಳಿತಾಯ ಖಾತೆಯಲ್ಲಿ, ಅರ್ಧ ಸಾಮಾನ್ಯ ಖಾತೆಯಲ್ಲಿ ಇವೆ. ನಮಗೂ ಮಾರಲೇಬೇಕೇ?
– ಬ್ರ್ಯಾಂಪ್ಟನ್

ಉತ್ತರ: ಟಿಎಫ್‌ಎಸ್‌ಎಯಲ್ಲಿರುವುದನ್ನು ಮರೆತುಬಿಡಿ, ಅಲ್ಲಿನ ನಷ್ಟಕ್ಕೆ ತೆರಿಗೆಯಲ್ಲಿ ಲೆಕ್ಕವಿಲ್ಲ. ಸಾಮಾನ್ಯ ಖಾತೆಯಲ್ಲಿರುವುದಕ್ಕೆ ಕೆನಡಾ ಕಾನೂನಿನಲ್ಲಿ ಒಂದು ಅನುಕೂಲವಿದೆ. ಕಂಪನಿ ಕಾನೂನುಬದ್ಧವಾಗಿ ದಿವಾಳಿಯಾಗಿದ್ದರೆ, ಅಥವಾ ಸಾಲ ತೀರಿಸಲಾಗದೆ ವ್ಯವಹಾರ ನಿಲ್ಲಿಸಿ ಷೇರಿನ ಬೆಲೆ ಸೊನ್ನೆಯಾಗಿದ್ದರೆ, ಮಾರದೆಯೇ ಸೊನ್ನೆಗೆ ಮಾರಿದಂತೆ ಆಯ್ಕೆ ಮಾಡಿ ರಿಟರ್ನ್ ಜತೆ ಸಹಿ ಹಾಕಿದ ಪತ್ರ ಲಗತ್ತಿಸಬಹುದು. ಸಾಲ ಕೊಟ್ಟವರಿಂದ ರಕ್ಷಣೆ ಕೇಳುವುದೂ ದಿವಾಳಿಯೂ ಒಂದೇ ಅಲ್ಲವಾದ್ದರಿಂದ ಷರತ್ತು ಯಾವ ವರ್ಷದಲ್ಲಿ ಪೂರೈಸಿತು ಎಂಬುದನ್ನು ತೆರಿಗೆ ಸಲಹೆಗಾರರಿಂದ ಖಚಿತಪಡಿಸಿಕೊಳ್ಳಿ. ಬಂಡವಾಳ ನಷ್ಟವನ್ನು 3 ವರ್ಷ ಹಿಂದಕ್ಕೂ ಒಯ್ಯಬಹುದು, ಅದಕ್ಕೆ ಟಿ1ಎ ಫಾರಂ. ಮುಂದಕ್ಕೆ ಒಯ್ಯಲು ಕಾಲಮಿತಿ ಇಲ್ಲ.

ಪ್ರಶ್ನೆ: ವಿದೇಶ ಬೇಡವೆಂದು ಭಾರತದಲ್ಲೇ ಪಟ್ಟಿಯಾದ ಮರುಬಳಕೆ ಕಂಪನಿಯ ಷೇರು ಕೊಂಡೆ. ರಸ್ತೆ ತುಂಬ ಎಲೆಕ್ಟ್ರಿಕ್ ಸ್ಕೂಟರ್, ಷೇರು ಮಾತ್ರ ಅಲ್ಲೇ ಇದೆ. ಯಾಕೆ?
– ಶಿವಮೊಗ್ಗ

ಉತ್ತರ: ನೀವು ಕೊಂಡದ್ದು ಬಹುಶಃ ಸೀಸದ ಕಂಪನಿ. ಗ್ರಾವಿಟಾ ಇಂಡಿಯಾ, ಪಾಂಡಿ ಆಕ್ಸೈಡ್ಸ್‌ನಂಥ ಪಟ್ಟಿಯಾದ ಕಂಪನಿಗಳ ಮುಖ್ಯ ವ್ಯವಹಾರ ಸೀಸ–ಆಸಿಡ್ ಬ್ಯಾಟರಿಯದ್ದು, ಅಂದರೆ ಯುಪಿಎಸ್, ಟ್ರ್ಯಾಕ್ಟರ್, ಪೆಟ್ರೋಲ್ ಕಾರಿನ ಬ್ಯಾಟರಿ. ಸ್ಕೂಟರಿನ ಲಿಥಿಯಂ ಬ್ಯಾಟರಿ ಗುಜರಿಗೆ ಬರಲು ಇನ್ನೂ ವರ್ಷಗಳಿವೆ. ಬಂದಾಗಲೂ ಮೊದಲು ಸೋಲಾರ್ ಶೇಖರಣೆಯಂಥ ಎರಡನೇ ಬಳಕೆಗೆ ಹೋಗಬಹುದು.

ಸೀಸದ ವ್ಯಾಪಾರ ಬೇರೆಯೇ ಬಗೆಯದು, ನನ್ನ ಅಭಿಪ್ರಾಯದಲ್ಲಿ ಅರ್ಥ ಮಾಡಿಕೊಳ್ಳಲು ಸುಲಭ. ಹಳೆಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಬ್ಯಾಟರಿ ಅಂಗಡಿಯವರು ಹಳೆಯದನ್ನು ಕಿಲೋ ಲೆಕ್ಕದಲ್ಲಿ ಎಕ್ಸ್‌ಚೇಂಜ್‌ಗೆ ತೆಗೆದುಕೊಳ್ಳುತ್ತಾರೆ, ಆ ದರ ಲಂಡನ್ ಲೋಹಪೇಟೆಯ ಸೀಸದ ಬೆಲೆಗೆ ಕಟ್ಟಿರುತ್ತದೆ. ಹಾಗಾಗಿ ಸೀಸದ ಬೆಲೆ ಏರಿದರೆ ಕಚ್ಚಾಮಾಲೂ ಏರುತ್ತದೆ. ಲಾಭ ಉಳಿಯುವುದು ನಡುವಿನ ಅಂತರದಲ್ಲಿ. ಫಲಿತಾಂಶ ಬಂದಾಗ ಒಟ್ಟು ಮಾರಾಟದ ರೂಪಾಯಿ ನೋಡಬೇಡಿ. ಎಷ್ಟು ಟನ್ ಮಾರಿದರು, ಕಿಲೋಗೆ ಎಷ್ಟು ರೂಪಾಯಿ ಕಾರ್ಯಾಚರಣೆ ಲಾಭ, ಶುದ್ಧ ಸೀಸಕ್ಕಿಂತ ಹೆಚ್ಚು ಬೆಲೆಯ ಮಿಶ್ರಲೋಹದ ಪಾಲು ಎಷ್ಟು, ಇವನ್ನು ನಾಲ್ಕೈದು ತ್ರೈಮಾಸಿಕ ಸಾಲಾಗಿ ಬರೆದುಕೊಳ್ಳಿ. ದಾಸ್ತಾನು ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ ಕಾರಣ ಹುಡುಕಿ.

ಕಂಪನಿಗೆ ಕಚ್ಚಾಮಾಲು ಸಿಗುವುದೇ ದೊಡ್ಡ ತಲೆನೋವು. ತೆರಿಗೆ ಕಟ್ಟದೆ, ಹೊಗೆ ಶುದ್ಧಿ ಮಾಡದೆ ಊರಾಚೆ ಸೀಸ ಕರಗಿಸುವವರು ಗುಜರಿಗೆ ಹೆಚ್ಚು ಬೆಲೆ ಕೊಡಬಲ್ಲರು. ಸುತ್ತಲಿನ ಮಕ್ಕಳ ರಕ್ತಕ್ಕೆ ಸೀಸ ಸೇರುವುದು ಅಲ್ಲಿಂದ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಮಾರಿದ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ಜಿಎಸ್‌ಟಿಯನ್ನು ಕೊಳ್ಳುವವರೇ ಕಟ್ಟಬೇಕು. ಇವು ಜಾರಿಯಾದಷ್ಟೂ ಗುಜರಿ ನೋಂದಾಯಿತ ಘಟಕಗಳ ಕಡೆ ತಿರುಗುತ್ತದೆ. ಜಾರಿ ಸಡಿಲವಾದರೆ ಘಟಕ ದೊಡ್ಡದಿದ್ದೂ ಪೂರ್ತಿ ಓಡುವುದಿಲ್ಲ, ಆದ್ದರಿಂದ ಸ್ಥಾಪಿತ ಸಾಮರ್ಥ್ಯಕ್ಕಿಂತ ಬಳಕೆಯಾದ ಸಾಮರ್ಥ್ಯದ ಶೇಕಡಾ ಎಷ್ಟು ಎಂದು ಕೇಳಿ.

ಪ್ರಶ್ನೆ: ಲಿಥಿಯಂ ಮರುಬಳಕೆ ಮಾಡುವ, ಇನ್ನೂ ಪಟ್ಟಿಯಾಗದ ಕಂಪನಿಯ ಷೇರು ಕೊಡಿಸುತ್ತೇನೆ, ಐಪಿಒ ಬಂದರೆ ಮೂರು ಪಟ್ಟು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಸರ್ಕಾರದ 1,500 ಕೋಟಿ ಯೋಜನೆಯೂ ಇದೆಯಂತೆ.
– ಬೆಳಗಾವಿ

ಉತ್ತರ: ಯೋಜನೆ ನಿಜ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ನಿರ್ಣಾಯಕ ಖನಿಜಗಳ (ಕ್ರಿಟಿಕಲ್ ಮಿನರಲ್ಸ್) ಮರುಬಳಕೆಗೆ 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಒಪ್ಪಿತು. ಆದರೆ ಅದು ಹಲವು ಕಂಪನಿಗಳಿಗೆ, 2030-31ರವರೆಗೆ ಹಂಚಿಹೋಗುವ ಹಣ. ಏಜೆಂಟರು ಹೇಳುವ ಒಂದು ಕಂಪನಿಗೆ ಎಷ್ಟು ಬರುತ್ತದೆ ಎಂದು ಅವರಿಗೂ ಗೊತ್ತಿರಲಾರದು. ಕೊಳ್ಳಬೇಡಿ ಎಂಬುದೇ ನನ್ನ ಸಲಹೆ. ಇಂಥ ಷೇರಿಗೆ ದಿನದ ಬೆಲೆ ಇಲ್ಲ, ಏಜೆಂಟರು ಹೇಳಿದ್ದೇ ಬೆಲೆ, ಮಾರಲು ಹೋದಾಗ ಅದರಲ್ಲಿ ದೊಡ್ಡ ಕಡಿತ. ಐಪಿಒ ಬಂದರೂ ಹಳೆಯ ಷೇರುದಾರರಿಗೆ 6 ತಿಂಗಳು ಮಾರುವಂತಿಲ್ಲ, ಮೊದಲ ದಿನದ ಏರಿಕೆ ನಿಮ್ಮ ಪಾಲಿಗಲ್ಲ. ಇಂಥ ಷೇರು ಮಾರುವ ಅನಧಿಕೃತ ಜಾಲತಾಣಗಳ ಬಗ್ಗೆ ಸೆಬಿ 2024ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ಆದರೂ ಕೊಳ್ಳುವುದಾದರೆ, ಷೇರು ಡಿಮ್ಯಾಟ್‌ಗೆ ಬರುವ ಮುನ್ನ ಪೂರ್ತಿ ಹಣ ಕೊಡಬೇಡಿ, ನಗದಾಗಿ ಕೊಡಲೇಬೇಡಿ.

ಪ್ರಶ್ನೆ: ಕಂಪನಿಗೆ ಮೂರು ಇಮೇಲ್ ಬರೆದೆ, ಉತ್ತರವಿಲ್ಲ. ನಮ್ಮಂಥವರ ಮಾತು ಕೇಳುವವರು ಯಾರು?
– ಉಡುಪಿ

ಉತ್ತರ: ಭಾರತದ ಕಂಪನಿಯಾದರೆ ದಾರಿ ಇದೆ. ಮಾರ್ಕೆಟಿಂಗ್ ವಿಳಾಸಕ್ಕೆ ಬರೆಯಬೇಡಿ. ಕಂಪನಿ ಕಾರ್ಯದರ್ಶಿಯ ಇಮೇಲ್ ವಾರ್ಷಿಕ ವರದಿಯಲ್ಲಿರುತ್ತದೆ, ಡಿಪಿ ಐಡಿ ಮತ್ತು ಕ್ಲೈಂಟ್ ಐಡಿ (ಡಿಮ್ಯಾಟ್ ಖಾತೆಯ ಗುರುತಿನ ಸಂಖ್ಯೆಗಳು) ಸಹಿತ ಅಲ್ಲಿಗೆ ಬರೆಯಿರಿ. ಉತ್ತರ ಬಾರದಿದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ಪ್ಯಾನ್ ಕೊಟ್ಟು ನೋಂದಾಯಿಸಿ ದೂರು ಹಾಕಿ, ತಕರಾರು ಹುಟ್ಟಿದ ಒಂದು ವರ್ಷದೊಳಗೆ. ಕಂಪನಿ 21 ದಿನಗಳಲ್ಲಿ ಉತ್ತರಿಸಬೇಕು. ತೃಪ್ತಿಯಾಗದಿದ್ದರೆ 15 ದಿನಗಳಲ್ಲಿ ಮರುಪರಿಶೀಲನೆ ಕೇಳಿ. ಡಿವಿಡೆಂಡ್ ಬಾರದಿರುವುದು, ಹಕ್ಕಿನ ಷೇರು ಜಮೆಯಾಗದಿರುವುದು ದೂರಾಗುತ್ತದೆ. ಬೆಲೆ ಬಿತ್ತು ಎಂಬುದು ಆಗುವುದಿಲ್ಲ.

ಘಟಕ ಯಾಕೆ ತಡವಾಯಿತು, ಎಷ್ಟು ಶೇಕಡಾ ಓಡುತ್ತಿದೆ ಎಂಬಂಥ ಪ್ರಶ್ನೆಗಳಿಗೆ ಜಾಗ ವಾರ್ಷಿಕ ಸಭೆ. ಸಭೆಗೆ 21 ದಿನ ಮೊದಲೇ ನೋಟಿಸ್ ಬರುತ್ತದೆ. ಅದರ ಕೊನೆಯ ಪುಟಗಳಲ್ಲಿ ಮಾತನಾಡಲು ಹೆಸರು ನೋಂದಾಯಿಸುವ ಇಮೇಲ್ ಮತ್ತು ಗಡುವು ಇರುತ್ತವೆ. ಒಂದೇ ಷೇರಿದ್ದರೂ ಹೆಸರು ಕೊಡಬಹುದು. ಪ್ರಶ್ನೆಯನ್ನು ಮೂರು ಸಾಲಿಗೆ ಇಳಿಸಿ, ವಾರ್ಷಿಕ ವರದಿಯ ಪುಟಸಂಖ್ಯೆ ಸಹಿತ ಮೊದಲೇ ಕಳುಹಿಸಿ. ಪುಟಸಂಖ್ಯೆ ಹಿಡಿದು ಕೇಳಿದ ಪ್ರಶ್ನೆಯನ್ನು ಅಧ್ಯಕ್ಷರು ಶುಭಾಶಯ ಹೇಳಿ ದಾಟಿಸುವುದು ಕಷ್ಟ.